ಒಂದು ಚುಕ್ಕೆ ಅಳಿಸಿದರೆ ಅರ್ಥ ಅರ್ಧ



'ಅರ್ಥ' ಎಂಬ ಪದದಲ್ಲಿ ಥಕಾರದ ಹೊಟ್ಟೆಯೊಳಗಿನ ಚುಕ್ಕೆಯನ್ನು ತೆಗೆದರೆ ಅದು 'ಅರ್ಧ'ವಾಗುತ್ತದೆ. 'ಮಠ'ದ ಚುಕ್ಕೆಯನ್ನು ಅಳಿಸಿದರೆ 'ಮರ' ಉಳಿಯುತ್ತದೆ. 'ಧನ'ದ ಬುಡದ ಸೀಳು ಮುಚ್ಚಿಹೋದರೆ ಮನೆಯ ಸಂಪತ್ತು ಕೊಟ್ಟಿಗೆಯ 'ದನ'ವಾಗುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಅಳಿಸಿ ತೋರಿಸಿದಾಗ ನೀವೆಲ್ಲ ನಕ್ಕದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಆ ನಗೆಯ ಹಿಂದೆ ಒಂದು ದೊಡ್ಡ ಚರಿತ್ರೆಯೇ ಇದೆ. ಅಕ್ಷರವನ್ನು ಯಾವುದರ ಮೇಲೆ ಮೂಡಿಸುತ್ತೇವೆಯೋ ಆ ವಸ್ತು ಎಷ್ಟು ಸಣ್ಣ ಗುರುತನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದರ ಚರಿತ್ರೆ ಅದು.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು, ಬೇರೆ ಬೇರೆ ಊರುಗಳಿಂದ, ಒಂದೇ ಪ್ರಶ್ನೆಯನ್ನು ದೂರವಾಣಿಯಲ್ಲಿ ಕೇಳಿದರು. "ಸಾರ್, ಲ್ಯಾಪ್‌ಟಾಪಿನ ಪರದೆಯಲ್ಲಿ ಕನ್ನಡ ಅಕ್ಷರ ಮಸುಕಾಗಿ ಕಾಣುತ್ತದೆ. ರೆಸಲ್ಯೂಷನ್ ಹೆಚ್ಚು ಮಾಡೋಣವೆಂದರೆ ಪಟ್ಟಿಯಲ್ಲಿ 1366×768ಕ್ಕಿಂತ ಮೇಲೆ ಏನೂ ಇಲ್ಲ. ಇದೇಕೆ?" ಗಣಕಯಂತ್ರದ ಪ್ರಶ್ನೆಯನ್ನು ಚರಿತ್ರೆಯ ಮೇಷ್ಟ್ರಿಗೆ ಹಾಕುವುದು ವಿಚಿತ್ರವೆನಿಸಬಹುದು. ಆದರೆ ಈ ಪ್ರಶ್ನೆಗೆ ಯಂತ್ರದ ಕೈಪಿಡಿ ಕೊಡುವ ಉತ್ತರ ಅರ್ಧ ಮಾತ್ರ. ಉಳಿದರ್ಧ ನಮ್ಮ ಲಿಪಿಯ ಚರಿತ್ರೆಯಲ್ಲಿದೆ; ಅದರಲ್ಲಿಯೂ ಬಹುಭಾಗ ನಮ್ಮ ಹಾಸನ ಜಿಲ್ಲೆಯಲ್ಲಿಯೇ ಇದೆ.

ಮೊದಲು ಕಲ್ಲಿನಿಂದ ಆರಂಭಿಸೋಣ. ಥಕಾರದ ನಡುವಿನ ಚುಕ್ಕೆ ಇಂದು ನಿನ್ನೆಯದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಬ್ರಾಹ್ಮೀ ಲಿಪಿಯಲ್ಲಿ ಥ ಎಂದರೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ. ಬಿ. ಎಲ್. ರೈಸ್ ಅವರು 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಕನ್ನಡ ಲಿಪಿಯೂ ಆ ಬ್ರಾಹ್ಮಿಯಿಂದಲೇ ಬೆಳೆದುಬಂದದ್ದು. ಎರಡು ಸಾವಿರದ ಇನ್ನೂರು ವರ್ಷಗಳಲ್ಲಿ ವೃತ್ತ ಬಳುಕಿ ಬದಲಾಯಿತು; ಚುಕ್ಕೆ ಮಾತ್ರ ತನ್ನ ಸ್ಥಾನವನ್ನು ಬಿಡಲಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ನೀವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೀರಿ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರ ಮೂಲಕ ವಿದ್ವಲ್ಲೋಕಕ್ಕೆ ಪರಿಚಯವಾದ, ಸುಮಾರು ಕ್ರಿ. ಶ. 450ರದೆಂದು ಹೇಳಲಾಗುವ, ಹದಿನಾರು ಸಾಲುಗಳ ಶಾಸನವದು. ಇನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವಂತೂ ಶಾಸನಗಳ ಭಂಡಾರವೇ ಸರಿ. ರೈಸ್ ಅವರು 1889ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಎರಡನೆಯ ಸಂಪುಟದಲ್ಲಿ ಅಲ್ಲಿಯ 144 ಶಾಸನಗಳಿದ್ದವು. 1923ರಲ್ಲಿ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು; 1973ರ ಪರಿಷ್ಕರಣದಲ್ಲಿ 573 ಆಯಿತು. ಹಾಸನ ಜಿಲ್ಲೆಯ ಉಳಿದ ತಾಲ್ಲೂಕುಗಳ ಶಾಸನಗಳಿಗೆ ರೈಸ್ ಅವರ ಐದನೆಯ ಸಂಪುಟವಿದೆ, ಅದು 1902ರದು.

ಪ್ರವಾಸಕ್ಕೆ ಹೋದಾಗ ಒಂದು ವಿಷಯವನ್ನು ನೀವೇ ಕಣ್ಣಾರೆ ಪರೀಕ್ಷಿಸಬಹುದು. ಚಂದ್ರಗಿರಿಯ ಬಂಡೆಯ ಮೇಲಿನ ಹಳೆಯ ಬರಹಗಳು ದೊಡ್ಡ ದೊಡ್ಡ ಅಕ್ಷರಗಳವು. ಅಲ್ಲಿಯ ಶಿಲೆ ಗ್ರಾನೈಟ್, ಎಂದರೆ ಕಣಶಿಲೆ. ಅದರ ಹರಳುಗಳು ಒರಟು. ಉಳಿಯ ಏಟಿಗೆ ಹರಳಿಗೆ ಹರಳೇ ಹಾರಿಹೋಗುತ್ತದೆ. ಹರಳಿಗಿಂತ ಸಣ್ಣ ಗೆರೆಯನ್ನು ಅದರಲ್ಲಿ ಕೊರೆಯಲು ಬರುವುದಿಲ್ಲ. ಅಲ್ಲಿಂದ ಬೇಲೂರಿಗೆ ಬಂದರೆ, 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಗುಡಿಯಲ್ಲಿ ಬಳಪದ ಕಲ್ಲು. ನುಣುಪಾದ, ಅಗೆದು ತೆಗೆದಾಗ ಮೃದುವಾಗಿರುವ ಕಲ್ಲದು. ಅದರಲ್ಲಿ ಮದನಿಕೆಯ ಕೊರಳ ಹಾರದ ಮಣಿಗಳನ್ನು ಎಣಿಸಬಹುದು. ಶಾಸನದ ಅಕ್ಷರವೂ ಬೆರಳುಗುರಿನಷ್ಟು ಕಿರಿದಾಗಬಹುದು. ಶಿಲ್ಪಿಯ ಕೈಚಳಕ ಎರಡು ಕಡೆಯೂ ದೊಡ್ಡದೇ. ಆದರೆ ಕಲ್ಲಿನ ಕಣವು ಹಾಕಿದ ಗೆರೆಯನ್ನು ಕೈಚಳಕ ದಾಟಲಾರದು. ಇಂದು ನಾವು ರೆಸಲ್ಯೂಷನ್ ಎನ್ನುವುದು ಇದನ್ನೇ. ಮಾಧ್ಯಮದ ಕಣ ಎಷ್ಟು ಸಣ್ಣದೋ ಅಷ್ಟೇ ಸೂಕ್ಷ್ಮವಾದ ಗುರುತು ಅದರ ಮೇಲೆ ನಿಲ್ಲುತ್ತದೆ.

ಕಲ್ಲಿನ ಕಾಲ ಮುಗಿದು ಅಚ್ಚಿನ ಕಾಲ ಬಂದಾಗ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೇರಾಂಪುರದಲ್ಲಿ ಅಚ್ಚಾಯಿತು. 1843ರ ಜುಲೈ 1ರಂದು ಹೆರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' ಹೊರಟಾಗ ಅದನ್ನು ಮೊಳೆಗಳಿಂದ ಜೋಡಿಸಿರಲಿಲ್ಲ. ಕಲ್ಲಚ್ಚಿನಲ್ಲಿ, ಎಂದರೆ ಕೈಬರಹವನ್ನೇ ಕಲ್ಲಿನ ಮೇಲೆ ಇಳಿಸಿ ಮುದ್ರಿಸಿದ್ದರು. ಕನ್ನಡಕ್ಕೆ ಮೊಳೆ ಎರೆಯುವುದು ಇಂಗ್ಲಿಷಿಗೆ ಎರೆದಷ್ಟು ಸುಲಭವಲ್ಲ. ರೋಮನ್ ಅಕ್ಷರಗಳು ರೈಲಿನ ಡಬ್ಬಿಗಳಂತೆ ಒಂದರ ಪಕ್ಕಕ್ಕೆ ಒಂದು ನಿಲ್ಲುತ್ತವೆ. ನಮ್ಮವು ಒಂದರ ತಲೆಯ ಮೇಲೆ ಒಂದು, ಕಾಲ ಕೆಳಗೆ ಇನ್ನೊಂದು ಎಂಬಂತೆ ಮೂರು ಅಂತಸ್ತುಗಳಲ್ಲಿ ವಾಸಿಸುತ್ತವೆ. ಮೇಲಂತಸ್ತಿನಲ್ಲಿ ಗುಡಿಸು, ಎತ್ವ, ಔತ್ವ, ನಡುವಂತಸ್ತಿನಲ್ಲಿ ಮೂಲಾಕ್ಷರ, ಕೆಳಗೆ ಒತ್ತು.

ಇದನ್ನು ನಮ್ಮ ಊರುಗಳ ಹೆಸರುಗಳಲ್ಲಿಯೇ ನೋಡಬಹುದು. 'ಹಾಸನ', 'ಅರಕಲಗೂಡು' ಇವೆರಡರಲ್ಲಿಯೂ ಒತ್ತಕ್ಷರವಿಲ್ಲ; ನೆಲಮನೆಗೆ ಇಳಿಯಬೇಕಾದ ಪ್ರಸಂಗವೇ ಇಲ್ಲ. 'ಹೊಳೆನರಸೀಪುರ'ದಲ್ಲಿ ಮೇಲಂತಸ್ತು ತುಂಬಿದೆ, ಕೆಳಗೆ ಖಾಲಿ. 'ಚನ್ನರಾಯಪಟ್ಟಣ'ಕ್ಕೆ ಬಂದೊಡನೆ ಎರಡೆರಡು ಒತ್ತುಗಳು ಸಾಲಿನ ಕೆಳಗೆ ಜೋತುಬೀಳುತ್ತವೆ. ಇನ್ನು 'ಸ್ತ್ರೀ', 'ರಾಷ್ಟ್ರ' ಎಂಬಂಥ ಪದಗಳಲ್ಲಿ ಒತ್ತಿಗೂ ಒಂದು ಒತ್ತು. ಮೊಳೆ ಜೋಡಿಸುವವರು ಒತ್ತುಗಳಿಗೆ ಬೇರೆಯೇ ಸಣ್ಣ ಮೊಳೆಗಳನ್ನು ಇಟ್ಟುಕೊಳ್ಳಬೇಕಾಗಿತ್ತು. ಆದರೂ ಸೀಸದ ಮೊಳೆಗೆ ಒಂದು ದೊಡ್ಡ ಗುಣವಿತ್ತು. ಎಷ್ಟೇ ಸಣ್ಣ ಅಕ್ಷರವಾದರೂ ಅದರ ಚುಕ್ಕೆ ಚುಕ್ಕೆಯಾಗಿಯೇ, ಸೀಳು ಸೀಳಾಗಿಯೇ ಕಾಗದದ ಮೇಲೆ ಇಳಿಯುತ್ತಿತ್ತು. 1937ರಲ್ಲಿ ಹೊಳೆನರಸೀಪುರಕ್ಕೆ ಬಂದು ನೆಲೆಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ನೆನೆಯಿರಿ. ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದದ್ದು ಆ ಕಾರ್ಯಾಲಯದ ಪ್ರಕಟಣೆಗಳ ಮೂಲಕ. ಸಂಸ್ಕೃತ ಪದಗಳಿಂದ ಕಿಕ್ಕಿರಿದ ಅಂಥ ಗ್ರಂಥಗಳಲ್ಲಿ ಪ್ರತಿ ಪುಟದಲ್ಲಿಯೂ ಒತ್ತಿನ ಮೇಲೆ ಒತ್ತು, ಮಹಾಪ್ರಾಣದ ಮೇಲೆ ಮಹಾಪ್ರಾಣ. ಧರ್ಮ, ಅರ್ಥ, ಸಿದ್ಧಾಂತ ಎಂಬ ಪದಗಳಲ್ಲಿ ಒಂದು ಚುಕ್ಕೆ ತಪ್ಪಿದರೂ ವೇದಾಂತವೇ ತಪ್ಪುತ್ತದೆ. ಆ ಭಾರವನ್ನು ಅಚ್ಚುಮೊಳೆ ಹೊತ್ತು ನಿಂತಿತು.

ಅಕ್ಷರವನ್ನು ಬೆಳಕಿನಲ್ಲಿ ಬರೆಯುವ ಕಾಲ ನಮ್ಮ ಜಿಲ್ಲೆಗೆ ದೂರದರ್ಶನದ ಮೂಲಕ ಬಂದಿತು. ಇಲ್ಲಿಯೂ ಹಾಸನಕ್ಕೆ ವಿಶೇಷ ಸ್ಥಾನವಿದೆ. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಆರಂಭವಾಯಿತು. ಇನ್ಸಾಟ್ ಉಪಗ್ರಹಗಳನ್ನು ಆಕಾಶದಲ್ಲಿ ಅವುಗಳ ಸ್ಥಾನದಲ್ಲಿ ನಿಲ್ಲಿಸಿ ನೋಡಿಕೊಳ್ಳುವ ಕೆಲಸ ಅದರದು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳುಗಳಲ್ಲಿ ಕೆಟ್ಟುಹೋಯಿತು. 1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಮಾತ್ರ ದೇಶದ ಮೂಲೆಮೂಲೆಗೂ ದೂರದರ್ಶನವನ್ನು ಒಯ್ಯಿತು.

ಆ ದೂರದರ್ಶನದ ಚಿತ್ರ 625 ಅಡ್ಡಗೆರೆಗಳದು. ಅದರಲ್ಲಿ ಕಣ್ಣಿಗೆ ಕಾಣುವ ಚಿತ್ರವನ್ನು ಹೊರುವ ಗೆರೆಗಳು ಸುಮಾರು 575. ಆ ಗೆರೆಗಳೂ ಒಟ್ಟಿಗೆ ಬರುತ್ತಿರಲಿಲ್ಲ. ಮೊದಲು ಬೆಸಸಂಖ್ಯೆಯವು, ಅನಂತರ ಸಮಸಂಖ್ಯೆಯವು ಎಂದು ಎರಡು ಕಂತುಗಳಲ್ಲಿ ಬರುತ್ತಿದ್ದವು. ಹೀಗಾಗಿ ಒಂದೇ ಗೆರೆಯಷ್ಟು ತೆಳುವಾದ ಅಡ್ಡರೇಖೆ ತೆರೆಯ ಮೇಲೆ ನಡುಗುತ್ತಿತ್ತು. ಪರದೆಯ ಮೇಲಿನ ಶೀರ್ಷಿಕೆಗಳನ್ನು ದಪ್ಪ ದಪ್ಪ ಅಕ್ಷರಗಳಲ್ಲಿ ಬರೆಯದೆ ವಿಧಿಯಿರಲಿಲ್ಲ. ಅದೇ ಉಪಗ್ರಹ ಮೋಡಗಳ ಚಿತ್ರವನ್ನೂ ತೆಗೆಯುತ್ತಿತ್ತು. ಇನ್ಸಾಟ್-1 ಸರಣಿಯ ಆ ಉಪಕರಣಕ್ಕೆ ಭೂಮಿಯ ಮೇಲಿನ 2.75 ಕಿಲೋಮೀಟರು ಒಂದು ಚುಕ್ಕೆ. ಅವರಕ್ತ ಕಿರಣಗಳಲ್ಲಿ 11 ಕಿಲೋಮೀಟರು ಒಂದು ಚುಕ್ಕೆ. ಎಂದರೆ ಹಾಸನ ಪಟ್ಟಣವೆಲ್ಲ ಸೇರಿ ಒಂದೆರಡು ಚುಕ್ಕೆ! 1999ರ ಇನ್ಸಾಟ್-2ಇ ಉಪಗ್ರಹದ ಕ್ಯಾಮರಾದಲ್ಲಿ ಒಂದು ಚುಕ್ಕೆ ಒಂದು ಕಿಲೋಮೀಟರಿಗೆ ಇಳಿಯಿತು. ಚುಕ್ಕೆಗಿಂತ ಸಣ್ಣದಾದದ್ದು ಚಿತ್ರದಲ್ಲಿ ಇಲ್ಲವೆಂದೇ ಲೆಕ್ಕ. ಗೊಮ್ಮಟನ ಐವತ್ತೆಂಟು ಅಡಿಯ ಎತ್ತರವೂ ಆ ಕಣ್ಣಿಗೆ ಶೂನ್ಯವೇ.

ಇನ್ನು ಗಣಕಯಂತ್ರಕ್ಕೆ ಬರೋಣ. 1981ರಲ್ಲಿ ಐಬಿಎಂ ಸಂಸ್ಥೆ ತನ್ನ ಪಿಸಿಯನ್ನು ಹೊರತಂದಾಗ ಅದರ ಬಣ್ಣದ ಪರದೆಯಲ್ಲಿ ಹೆಚ್ಚೆಂದರೆ ಅಡ್ಡಕ್ಕೆ 640, ಉದ್ದಕ್ಕೆ 200 ಚುಕ್ಕೆಗಳು. ಒಂದು ಅಕ್ಷರಕ್ಕೆ ಕೊಟ್ಟ ಜಾಗ 8×8 ಚುಕ್ಕೆಗಳ ಚೌಕ. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಎಂಟು ಚುಕ್ಕಿ ಎಂಟು ಸಾಲಿನ ರಂಗೋಲಿಯಲ್ಲಿ ಏನು ಬಿಡಿಸಬಹುದು, ಏನು ಬಿಡಿಸಲಾಗದು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಡ್ಡಕ್ಕೆ ಐದು, ಉದ್ದಕ್ಕೆ ಏಳು ಚುಕ್ಕೆಗಳಿದ್ದರೆ ಸಾಕು. ಅದೇ ಎಂಟು ಸಾಲಿನಲ್ಲಿ 'ಟ್ಟ' ಬರೆಯಹೊರಟರೆ ತಲೆಕಟ್ಟಿಗೆ ಎರಡು ಸಾಲು, ಮೂಲಾಕ್ಷರಕ್ಕೆ ಮೂರು ಸಾಲು, ಒತ್ತಿಗೆ ಮೂರು ಸಾಲು. ಮೂರು ಸಾಲಿನಲ್ಲಿ ಯಾವ ಒತ್ತು ಯಾವುದೆಂದು ಬ್ರಹ್ಮನೂ ಹೇಳಲಾರ. ಲಿಪಿ ಕಷ್ಟವಾದದ್ದರಿಂದ ಕನ್ನಡ ಗಣಕಕ್ಕೆ ಒಗ್ಗುವುದಿಲ್ಲ ಎಂದು ಅಂದು ಕೆಲವರು ಹೇಳುತ್ತಿದ್ದುದುಂಟು. ಕಷ್ಟ ಲಿಪಿಯಲ್ಲಿರಲಿಲ್ಲ, ಐದು ಚುಕ್ಕೆಗೆ ಹೊಂದುವ ಲಿಪಿಯನ್ನು ಮನಸ್ಸಿನಲ್ಲಿಟ್ಟು ಕೊಟ್ಟ ಆ ಎಂಟು ಚುಕ್ಕೆಯ ಕೋಣೆಯಲ್ಲಿತ್ತು.

ಮುದ್ರಣಯಂತ್ರದಲ್ಲಿಯೂ ಇದೇ ಕಥೆ. ಆಗಿನ ಅಗ್ಗದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ತಲೆಯಲ್ಲಿ ಒಂಬತ್ತು ಸೂಜಿಗಳು. ಒತ್ತು ಸಹಿತವಾದ ಕನ್ನಡ ಅಕ್ಷರ ಒಂಬತ್ತು ಸೂಜಿಗಳ ಒಂದೇ ಓಟದಲ್ಲಿ ಚೆನ್ನಾಗಿ ಮೂಡದು. ಇಪ್ಪತ್ನಾಲ್ಕು ಸೂಜಿಗಳ ಪ್ರಿಂಟರು ಬಂದ ಮೇಲೆಯೇ ಕನ್ನಡಕ್ಕೆ ಉಸಿರಾಡಲು ಸ್ಥಳವಾಯಿತು. 1987ರಲ್ಲಿ ಐಬಿಎಂ ತಂದ ವಿಜಿಎ ಪದ್ಧತಿಯಲ್ಲಿ ಪರದೆ 640×480 ಆಯಿತು. ಐಐಟಿ ಕಾನ್ಪುರದಲ್ಲಿ ಭಾರತೀಯ ಲಿಪಿಗಳಿಗಾಗಿ ನಡೆದ ಕೆಲಸ ಜಿಸ್ಟ್ ಎಂಬ ಹೆಸರಿನಲ್ಲಿ 1988ರಲ್ಲಿ ಪುಣೆಯ ಸಿ-ಡ್ಯಾಕ್ ಸಂಸ್ಥೆಗೆ ಬಂತು. ಜಿಸ್ಟ್ ಕಾರ್ಡನ್ನು ಗಣಕದೊಳಗೆ ಸಿಕ್ಕಿಸಿದರೆ ಕನ್ನಡವೂ ಪರದೆಯ ಮೇಲೆ ಮೂಡುತ್ತಿತ್ತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಎಂದರೆ ಎಲ್ಲರೂ ಗೌರವದಿಂದ ನೆನೆಯುವ ಕೆ. ಪಿ. ರಾವ್, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ 'ಸೇಡಿಯಾಪು' ತಂತ್ರಾಂಶವನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಿದರು. ಅವರ ಕೀಲಿಮಣೆಯ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಗೂ ತಳಹದಿಯಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ನಿಮ್ಮಲ್ಲಿ ಅನೇಕರು ಹೊರದೇಶದಿಂದ ತಂದೆತಾಯಿಗೆ ಮೊದಲ ಕನ್ನಡ ಪತ್ರವನ್ನು ಬರೆದದ್ದು ಅದರಲ್ಲಿಯೇ ಇರಬೇಕು. 1991ರಲ್ಲಿಯೇ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದವು. ಆದರೆ ಸಾಮಾನ್ಯರ ಗಣಕಕ್ಕೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿದ್ದ 'ತುಂಗಾ' ಫಾಂಟಿನ ಮೂಲಕ.

ಇದೇ ವೇಳೆಗೆ ರಾಜ್ಯದಲ್ಲಿ 'ಭೂಮಿ' ಯೋಜನೆ ಜಾರಿಗೆ ಬಂತು. 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಏರಿಸಿದ ದೊಡ್ಡ ಸಾಹಸವದು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಒಂದು ವಿವೇಕದ ಏರ್ಪಾಡಿತ್ತು: ಸಿಬ್ಬಂದಿಯ ಕಡೆಗೊಂದು, ರೈತನ ಕಡೆಗೊಂದು ಎಂದು ಎರಡು ಪರದೆಗಳು. ತನ್ನ ದಾಖಲೆಯನ್ನು ರೈತನೂ ಏಕಕಾಲದಲ್ಲಿ ನೋಡಬಹುದಿತ್ತು. ಪರದೆಯ ಮೇಲಿನ ಕನ್ನಡ ಅಕ್ಷರ ಹೊಲಗದ್ದೆಯ ಹಕ್ಕಾದದ್ದು ಆಗಿನಿಂದ.

ನಮ್ಮ ಜಿಲ್ಲೆಯಲ್ಲಿ ಊರಿಗೆ ನಾಲ್ಕು ಜನ 'ಸಿದ್ದೇಗೌಡ'ರು ಸಿಕ್ಕುತ್ತಾರೆ. ಕೆಲವರು ದಕಾರಕ್ಕೆ ದಕಾರದ ಒತ್ತು ಕೊಡುತ್ತಾರೆ, ಕೆಲವರು ಧಕಾರದ ಒತ್ತು ಕೊಟ್ಟು 'ಸಿದ್ಧೇಗೌಡ' ಎಂದು ಬರೆಯುತ್ತಾರೆ. ಎರಡಕ್ಕೂ ವ್ಯತ್ಯಾಸ ಒತ್ತಿನ ಬುಡದ ಒಂದು ಸೀಳು. ಹಳೆಯ ಪರದೆಯ ಮೇಲೆ 12 ಪಾಯಿಂಟಿನ ಅಕ್ಷರಕ್ಕೆ ಸಿಗುತ್ತಿದ್ದದ್ದು ಒಟ್ಟು 16 ಚುಕ್ಕೆಗಳ ಎತ್ತರ. ಅದರಲ್ಲಿ ಒತ್ತಿನ ಪಾಲು ನಾಲ್ಕೈದು; ಸೀಳಿನ ಪಾಲು ಒಂದೇ ಒಂದು, ಅದೂ ಇದ್ದರೆ. ಕೈಬರಹದ ಕಾಲದಲ್ಲಿಯೂ ಈ ಗೊಂದಲ ಇದ್ದೇ ಇತ್ತು. ಎಲ್ಲ ದೋಷವನ್ನೂ ಪರದೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಕೈಬರಹವನ್ನು ಓದುವಾಗ ನಾವು ಅನುಮಾನಿಸುತ್ತೇವೆ. ಗಣಕದ ಅಕ್ಷರವನ್ನು ಕಂಡರೆ ನಂಬಿಬಿಡುತ್ತೇವೆ. ಒಂದು ದಾಖಲೆಯಲ್ಲಿ ದ, ಇನ್ನೊಂದರಲ್ಲಿ ಧ ಎಂದಾದಾಗ, ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಮಾಡಿಸಲು ಅಲೆದಾಡಿದ ವೃದ್ಧರನ್ನು ನಾನು ಬಲ್ಲೆ. ಅವರ ಪಾಲಿಗೆ ರೆಸಲ್ಯೂಷನ್ ಎಂಬುದು ತಂತ್ರಜ್ಞಾನದ ಮಾತಲ್ಲ, ಬಸ್ಸಿನ ಖರ್ಚಿನ ಮಾತು.

ಈಗ ಲ್ಯಾಪ್‌ಟಾಪಿನ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಹಳೆಯ ಗಾಜಿನ ಕೊಳವೆಯ ಪರದೆಯಲ್ಲಿ ಎಲೆಕ್ಟ್ರಾನುಗಳ ಒಂದು ಕಿರಣ ಓಡಾಡುತ್ತಿತ್ತು. 640 ಎಂದರೆ 640 ಭಾಗವಾಗಿ, 1024 ಎಂದರೆ 1024 ಭಾಗವಾಗಿ ಅದು ಬೆಳಗುತ್ತಿತ್ತು. ಗೆರೆ ಎಳೆಯುವ ಕೈ ಒಂದೇ, ಅಳತೆ ಬೇರೆ ಬೇರೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ಹಾಗಲ್ಲ. ಅದು ಹೆಂಚು ಹಾಸಿದ ನೆಲದಂತೆ. ಕಾರ್ಖಾನೆಯಲ್ಲಿಯೇ ಅಡ್ಡಕ್ಕೆ 1366, ಉದ್ದಕ್ಕೆ 768 ಎಂದು ಕೋಶಗಳನ್ನು ಕೂರಿಸಿಬಿಟ್ಟಿರುತ್ತಾರೆ. ಒಂದೊಂದು ಕೋಶದಲ್ಲಿಯೂ ಕೆಂಪು, ಹಸಿರು, ನೀಲಿ ಎಂದು ಮೂರು ಪಟ್ಟಿಗಳು. ನಲವತ್ತು ಹೆಂಚಿನ ಸಾಲಿನಲ್ಲಿ ಐವತ್ತು ಹೆಂಚನ್ನು ಆಜ್ಞೆಯಿಂದ ತರಲಾಗುವುದಿಲ್ಲವಷ್ಟೆ. ಆಯ್ಕೆಯ ಪಟ್ಟಿ ಅಲ್ಲಿಗೇ ನಿಲ್ಲುವುದು ಈ ಕಾರಣದಿಂದ. ಕೆಲವು ತಂತ್ರಾಂಶಗಳು ಹೆಚ್ಚಿನ ಸಂಖ್ಯೆಯನ್ನು ತೋರಿಸಿದರೂ, ಹೆಚ್ಚಾದ ಚುಕ್ಕೆಗಳನ್ನು ಅವು ಒಂದರೊಳಗೊಂದು ಕಲಸಿ ತುರುಕುತ್ತವೆಯೇ ಹೊರತು ಹೊಸ ಕೋಶಗಳನ್ನು ಹುಟ್ಟಿಸುವುದಿಲ್ಲ.

1366 ಎಂಬ ಈ ವಿಚಿತ್ರ ಸಂಖ್ಯೆಗೂ ಒಂದು ಹಿನ್ನೆಲೆಯುಂಟು. ಮೊದಲಿನ ಲ್ಯಾಪ್‌ಟಾಪುಗಳು 1024×768ರವು; ಅಗಲಕ್ಕೂ ಎತ್ತರಕ್ಕೂ 4:3ರ ಪ್ರಮಾಣ. ಅಗಲವಾದ ಸಿನಿಮಾ ಚಿತ್ರಕ್ಕೆ ಒಗ್ಗುವ 16:9ರ ಪರದೆಗಳು ಬಂದಾಗ ಎತ್ತರವನ್ನು 768ರಲ್ಲಿಯೇ ಉಳಿಸಿಕೊಂಡರು. 768ನ್ನು 16ರಿಂದ ಗುಣಿಸಿ 9ರಿಂದ ಭಾಗಿಸಿ ನೋಡಿ: 1365 ಮತ್ತು ಮೂರನೆಯ ಒಂದು ಭಾಗ. ಅದನ್ನೇ 1366 ಎಂದರು. ಚುಕ್ಕೆಗಳು ಹೆಚ್ಚಿದವು, ನಿಜ. ಆದರೆ ಹೆಚ್ಚಿದ್ದು ಅಗಲದಲ್ಲಿ. ಅಂತಸ್ತುಗಳಲ್ಲಿ ಬದುಕುವ ಕನ್ನಡಕ್ಕೆ ಬೇಕಾದದ್ದು ಎತ್ತರ. ಇದಕ್ಕೂ ಮೊದಲು, 2007ರಿಂದ ಎರಡು ಮೂರು ವರ್ಷ, ನೆಟ್‌ಬುಕ್ ಎಂಬ ಕಿರುಗಣಕಗಳು ಬಂದಿದ್ದವು. ಅವುಗಳ ಪರದೆ 800×480, ಬಳಿಕ 1024×600. ಕೆಲವು ಕಿಟಕಿಗಳ ಬುಡದಲ್ಲಿರುವ 'ಓಕೆ' ಗುಂಡಿಯೇ ಪರದೆಯ ಕೆಳಗೆ ಇಳಿದು ಕಾಣದಾಗುತ್ತಿತ್ತು. ಒತ್ತಕ್ಷರಕ್ಕೆ ಆದ ಗತಿಯೇ ಗುಂಡಿಗೂ ಆಯಿತು.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಅಕ್ಷರ ಸಣ್ಣದಾಗಿ ಕಾಣುತ್ತದೆಂದು ಎಷ್ಟೋ ಮನೆಗಳಲ್ಲಿ ರೆಸಲ್ಯೂಷನ್ ಅನ್ನು 1024×768ಕ್ಕೆ ಇಳಿಸಿಬಿಡುತ್ತಾರೆ. ಅಕ್ಷರ ದೊಡ್ಡದಾಗುತ್ತದೆ, ಜೊತೆಗೆ ಮಸುಕೂ ಆಗುತ್ತದೆ. ಏಕೆ? 1024 ಚುಕ್ಕೆಗಳ ಚಿತ್ರವನ್ನು 1366 ಕೋಶಗಳ ಮೇಲೆ ಹರಡಬೇಕಾದಾಗ ಒಂದು ಚುಕ್ಕೆಗೆ ಒಂದು ಕೋಶ ಮತ್ತು ಇನ್ನೊಂದರ ಮೂರನೆಯ ಒಂದು ಭಾಗ ಸಲ್ಲಬೇಕು. ಕೋಶವನ್ನು ತುಂಡು ಮಾಡಲಾಗದು. ಆದ್ದರಿಂದ ಯಂತ್ರವು ಪಕ್ಕದ ಎರಡು ಚುಕ್ಕೆಗಳ ಬಣ್ಣವನ್ನು ಬೆರೆಸಿ ಬೂದು ಮಾಡುತ್ತದೆ. ಬೂದಾದದ್ದು ಯಾವುದು? ಥಕಾರದ ಚುಕ್ಕೆ, ಧಕಾರದ ಸೀಳು.

ಕೋಶಗಳ ಸಂಖ್ಯೆಯನ್ನು ಹೆಚ್ಚಿಸದೆಯೇ ಅಕ್ಷರವನ್ನು ತಿದ್ದುವ ಒಂದು ಜಾಣ್ಮೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ 'ಕ್ಲಿಯರ್‌ಟೈಪ್' ಎಂಬ ಹೆಸರಿನಲ್ಲಿ ಪ್ರಕಟಿಸಿತು. ಕೋಶದೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನೇ ಮೂರು ಅರೆಚುಕ್ಕೆಗಳಂತೆ ಬಳಸುವ ಉಪಾಯವದು. ಪಟ್ಟಿಗಳು ಸಾಮಾನ್ಯವಾಗಿ ಪಕ್ಕಪಕ್ಕದಲ್ಲಿ ಇರುವುದರಿಂದ ಲಾಭವಾದದ್ದು ಅಗಲದಲ್ಲಿ ಮಾತ್ರ. ರೋಮನ್ ಅಕ್ಷರಗಳ ನೆಟ್ಟನೆಯ ಕಂಬಗಳು ಅಂದವಾದವು. ನಮ್ಮ ಒತ್ತುಗಳು ಕೇಳುತ್ತಿದ್ದ ಎತ್ತರ ಆಗಲೂ ದೊರೆಯಲಿಲ್ಲ.

ದೊರೆತದ್ದು ಚುಕ್ಕೆಗಳೇ ಸಣ್ಣದಾದಾಗ. ಲೆಕ್ಕವನ್ನು ಒಮ್ಮೆ ನೋಡೋಣ. 15.6 ಅಂಗುಲದ ಪರದೆಯಲ್ಲಿ 1366 ಕೋಶಗಳಿದ್ದರೆ ಒಂದು ಕೋಶದ ಅಗಲ ಸುಮಾರು 0.25 ಮಿಲಿಮೀಟರು. ಅದೇ ಪರದೆಯಲ್ಲಿ 1920×1080 ಇದ್ದರೆ 0.18. ಆ್ಯಪಲ್ ಸಂಸ್ಥೆ 2012ರಲ್ಲಿ ತಂದ 15.4 ಅಂಗುಲದ, 2880×1800ರ ಲ್ಯಾಪ್‌ಟಾಪಿನಲ್ಲಿ ಸುಮಾರು 0.115. ಇನ್ನು ಕಣ್ಣಿನ ಲೆಕ್ಕ: ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಕಾಣಬಲ್ಲದು. ಐವತ್ತು ಸೆಂಟಿಮೀಟರು ದೂರದಲ್ಲಿ ಅದು ಸುಮಾರು 0.145 ಮಿಲಿಮೀಟರು. ಎಂದರೆ 1366ರ ಪರದೆ ಕಣ್ಣಿಗೆ ಸೋತಿತ್ತು. 2880ರ ಪರದೆ ಕಣ್ಣನ್ನೇ ಸೋಲಿಸಿತು. ಅಚ್ಚುಮೊಳೆಯ ಕಾಲದಲ್ಲಿ ಇದ್ದ ಸ್ಪಷ್ಟತೆ, ಸುಮಾರು ಮೂವತ್ತು ವರ್ಷಗಳ ಕಾಲ ಪರದೆಯ ಮೇಲೆ ಕಾಣೆಯಾಗಿದ್ದು, ಹೀಗೆ ಕನ್ನಡಕ್ಕೆ ಮರಳಿ ಬಂದಿತು. ಇದು ನನ್ನ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ. ಚುಕ್ಕೆಗಳು ಸಾಲದಿದ್ದ ಆ ದಿನಗಳಲ್ಲಿ ಲಿಪಿಯನ್ನೇ ಸರಳಗೊಳಿಸೋಣ, ಮಹಾಪ್ರಾಣಗಳನ್ನು ಬಿಡೋಣ, ಒತ್ತುಗಳನ್ನು ಬಿಡಿಸಿ ಬರೆಯೋಣ ಎಂಬ ಸಲಹೆಗಳಿಗೆ ನಾವು ಅವಸರದಿಂದ ತಲೆಬಾಗಿದ್ದರೆ, ಯಂತ್ರ ದೊಡ್ಡದಾಗುವ ಹೊತ್ತಿಗೆ ಲಿಪಿ ಚಿಕ್ಕದಾಗಿರುತ್ತಿತ್ತು. ಲಿಪಿಸುಧಾರಣೆಗೆ ಬೇರೆ ಕಾರಣಗಳಿರಬಹುದು. ಅದು ಬೇರೆ ಚರ್ಚೆ. ಆದರೆ ಯಂತ್ರದ ಅಂದಿನ ಬಡತನ ಅದಕ್ಕೆ ಕಾರಣವಾಗಬಾರದು.

ಇನ್ನು ಮಾಡಬೇಕಾದ ಕೆಲಸ. ಪರದೆಯ ಸೆಟ್ಟಿಂಗ್ಸಿಗೆ ಹೋಗಿ, ರೆಸಲ್ಯೂಷನ್ ಪಟ್ಟಿಯಲ್ಲಿ 'ರೆಕಮೆಂಡೆಡ್' ಎಂದಿರುವ ಸಂಖ್ಯೆಯನ್ನೇ ಆರಿಸಿರಿ. ಅದು ನಿಮ್ಮ ಪರದೆಯ ನಿಜವಾದ ಕೋಶಗಳ ಸಂಖ್ಯೆ. ಅಕ್ಷರ ಸಣ್ಣದೆನಿಸಿದರೆ ರೆಸಲ್ಯೂಷನ್ ಮುಟ್ಟದೆ, 'ಸ್ಕೇಲ್' ಎಂಬಲ್ಲಿ 125 ಅಥವಾ 150 ಪ್ರತಿಶತವನ್ನು ಇಟ್ಟುಕೊಳ್ಳಿರಿ. ಆಗ ಪ್ರತಿ ಅಕ್ಷರಕ್ಕೂ ಹೆಚ್ಚು ಚುಕ್ಕೆಗಳು ದೊರೆತು ಅದು ದೊಡ್ಡದೂ ಆಗುತ್ತದೆ, ಸ್ಪಷ್ಟವೂ ಆಗುತ್ತದೆ. ಪಟ್ಟಿಯಲ್ಲಿ 800×600, 1024×768 ಮಾತ್ರ ಕಾಣುತ್ತಿದ್ದರೆ ಬಹುಶಃ ಪರದೆಯ ದೋಷವಲ್ಲ. ಗ್ರಾಫಿಕ್ಸ್ ಡ್ರೈವರ್ ಎಂಬ ತಂತ್ರಾಂಶ ಸರಿಯಾಗಿ ಕೂತಿಲ್ಲವೆಂದು ಅರ್ಥ. ಹೊರಗಿನಿಂದ ದೊಡ್ಡ ಪರದೆ ಜೋಡಿಸುವವರು ಲ್ಯಾಪ್‌ಟಾಪಿನ ಒಳಪರದೆಯ ಮಿತಿಯನ್ನು ಲೆಕ್ಕಿಸಬೇಕಾಗಿಲ್ಲ. ಅಲ್ಲಿ ಗ್ರಾಫಿಕ್ಸ್ ಭಾಗದ ಮತ್ತು ತಂತಿಯ ಮಿತಿ ಬೇರೆ ಇರುತ್ತದೆ. 3840×2160ರ ಚಿತ್ರವನ್ನು ಹಳೆಯ ಎಚ್‌ಡಿಎಂಐ 1.4 ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು; 2013ರ 2.0 ಪದ್ಧತಿ 60 ಸಲ ಕಳಿಸುತ್ತದೆ.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರು ಅಂಗಡಿಯಲ್ಲಿ ಅರ್ಜುನನ ಬಾಣಗಳಂತೆ ಹಾರುವ ಬಣ್ಣದ ಚಿತ್ರಗಳಿಗೆ ಮರುಳಾಗದೆ, ಕನ್ನಡದಲ್ಲಿ 'ಅರ್ಥ, ಅರ್ಧ, ಮಠ, ಮರ, ಚನ್ನರಾಯಪಟ್ಟಣ' ಎಂದು ಸಾಧಾರಣ ಗಾತ್ರದಲ್ಲಿ ಟೈಪು ಮಾಡಿ ಒಂದು ಮೊಳ ದೂರದಿಂದ ಓದಿ ನೋಡಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿಯದು.

ಕೊನೆಯದಾಗಿ ಒಂದು ಬೇಡಿಕೆ. ಊರಿಗೆ ಬಂದಾಗ, ಅದು ಅರಕಲಗೂಡಿರಲಿ ಹೊಳೆನರಸೀಪುರವಿರಲಿ, ಮನೆಯ ಹಿರಿಯರು ನೋಡುವ ಪರದೆಯನ್ನು ಒಮ್ಮೆ ಪರೀಕ್ಷಿಸಿ ಸರಿಪಡಿಸಿ ಹೋಗಿರಿ. ಐದೇ ನಿಮಿಷದ ಕೆಲಸ. ಪಹಣಿ, ಪಡಿತರ ಚೀಟಿ, ಪಿಂಚಣಿ, ಮತದಾರರ ಪಟ್ಟಿ, ಯಾವುದೇ ಇರಲಿ, ಹೆಸರು ಸರಿಯಾಗಿದೆಯೆಂದು ಒಪ್ಪಿಗೆ ಕೊಡುವ ಮೊದಲು ಆ ಹೆಸರನ್ನು ಎರಡರಷ್ಟು ದೊಡ್ಡದು ಮಾಡಿ ಅವರಿಗೆ ತೋರಿಸಿರಿ. ವಯಸ್ಸಾದ ಕಣ್ಣಿಗೂ ಒಂದು ರೆಸಲ್ಯೂಷನ್ ಇದೆ, ಅದು ವರ್ಷ ವರ್ಷಕ್ಕೆ ಇಳಿಯುತ್ತದೆ. ಹೆಸರು ಸರಿಯಾಗಿದ್ದರೆ ಅವರು ತಾಲ್ಲೂಕು ಕಚೇರಿಗೆ ಮತ್ತೊಮ್ಮೆ ಬಸ್ಸು ಹತ್ತಬೇಕಾಗಿಲ್ಲ.